ಮಕ್ಕಳ ಜೊತೆ ಬೆಂಗಳೂರಿಗೆ ಹೋಗುವವರು ಕಹಳೆ ಬಂಡೆ ಪಾರ್ಕಿಗೆ ಒಂದು ದಿನ ಇಟ್ಟುಕೊಳ್ಳಿ

ಮೆಜೆಸ್ಟಿಕ್‌ನಿಂದ ಪಾರ್ಕು ಇರುವ ಬಸವನಗುಡಿಗೆ ಆಟೋದವರು ಕೇಳಿದ್ದು 280 ರೂಪಾಯಿ. ದೂರ ಸುಮಾರು ಐದು ಕಿಲೋಮೀಟರ್. 2025ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಲೆಕ್ಕ ಹಾಕಿ ನೋಡಿ, 90 ರೂಪಾಯಿಗೆ ಮುಗಿಯಬೇಕು. "ಮೀಟರ್ ಹಾಕಿ ಅಣ್ಣಾ" ಅಂದೆ. "ವಾಪಸ್ ಖಾಲಿ ಬರಬೇಕಮ್ಮ" ಅಂದರು. ಗಾಂಧಿ ಬಜಾರ್‌ನಿಂದ ಯಾವ ಆಟೋ ಖಾಲಿ ಬರುತ್ತದೆ ಹೇಳಿ? ಕಂಕುಳಲ್ಲಿ ಮಗು, ಕೈಯಲ್ಲಿ ಬ್ಯಾಗು ಇದ್ದರೆ ಎಷ್ಟು ಕೇಳಿದರೂ ಕೊಡುತ್ತಾರೆ ಅನ್ನುವ ಲೆಕ್ಕ ಅವರದು. ನನಗೆ ತುಂಬಾ ಸಿಟ್ಟು ಬಂತು.

ನಾವು ಹತ್ತಲಿಲ್ಲ. ನೀವೂ ಹತ್ತಬೇಡಿ. ಅಲ್ಲೇ ಕೆಳಗಿಳಿದರೆ ಮೆಟ್ರೋ ಇದೆ. ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ಅದಾದ ಮೇಲೆ ನ್ಯಾಷನಲ್ ಕಾಲೇಜು. ಅಲ್ಲಿ ಇಳಿಯಿರಿ. ಮೂರು ಅಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಬಸ್ಸೇ ಬೇಕು ಅನ್ನುವ ಹೆಂಗಸರು ಕರ್ನಾಟಕದ ವಿಳಾಸವಿರುವ ಆಧಾರ್ ಇಟ್ಟುಕೊಂಡಿರಿ. ಶಕ್ತಿ ಯೋಜನೆ ಬಿಎಂಟಿಸಿಯ ಸಾಮಾನ್ಯ ಬಸ್ಸಿಗೂ ಇದೆ. ಇನ್ನೊಂದು ಮಾತು. ಮೆಟ್ರೋ ನಿಲ್ದಾಣದಿಂದ ಹೊರಗೆ ಬರುವ ಮೊದಲೇ ಮಕ್ಕಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ. ಪಾರ್ಕಿನದನ್ನು ನಂಬಿಕೊಂಡು ಹೋಗಬೇಡಿ.

ರೂಮಿನ ವಿಷಯವನ್ನೂ ಹೇಳಿಬಿಡುತ್ತೇನೆ. ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜ್. ಫೋನಿನಲ್ಲಿ ಮಾತಾಡಿದ್ದು 1400 ರೂಪಾಯಿಗೆ. ಹೋದ ಮೇಲೆ ಮಕ್ಕಳ ತಲೆ ಎಣಿಸಿ ಇನ್ನೂ 600 ಕೇಳಿದರು. ಚಿಕ್ಕವಳಿಗೆ ಇನ್ನೂ ಮೂರು ವರ್ಷ ತುಂಬಿಲ್ಲ! ಆ 600ಕ್ಕೆ ಸಿಕ್ಕಿದ್ದು ಬೆರಳು ದಪ್ಪದ ಒಂದು ಹಾಸಿಗೆ, ಒಂದು ದಿಂಬು. ಬಿಸಿನೀರು ಬೆಳಿಗ್ಗೆ ಏಳೂವರೆ ತನಕ ಮಾತ್ರ ಅಂತ ರಾತ್ರಿ ಹೇಳಲೇ ಇಲ್ಲ. ಎಂಟು ಗಂಟೆಗೆ ನಲ್ಲಿ ತಿರುಗಿಸಿದರೆ ತಣ್ಣೀರು. ಕೆಳಗೆ ಹೋಗಿ ಕೇಳಿದರೆ ಗೋಡೆಯ ಮೇಲಿನ ಬೋರ್ಡ್ ತೋರಿಸಿದರು. ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿಬಿಡಿ: ಮಕ್ಕಳಿಗೆ ಬೇರೆ ದುಡ್ಡಾ, ಬಿಸಿನೀರು ಎಷ್ಟು ಹೊತ್ತು, ರೂಮು ಬಿಡುವುದು ಮಧ್ಯಾಹ್ನ ಹನ್ನೆರಡಕ್ಕಾ ಅಥವಾ 24 ಗಂಟೆ ಲೆಕ್ಕವಾ. ನೆಂಟರ ಮನೆ ಇದ್ದರೆ ಸಂಕೋಚ ಬಿಟ್ಟು ಅಲ್ಲೇ ಉಳಿದುಕೊಳ್ಳಿ. ಆ ರಾತ್ರಿ ಆದ ಮೇಲೆ ನಾವೂ ಜಯನಗರದ ಚಿಕ್ಕಮ್ಮನ ಮನೆಗೆ ಹೋಗಿಬಿಟ್ಟೆವು.

ಈಗ ತಿಂಡಿ. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಶಂಕರಪುರದ ಕಡೆ ನಡೆದರೆ ಶಂಕರ ಮಠದ ಹತ್ತಿರ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. 1965ರಿಂದ ಇರುವ ಜಾಗ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಬೇರೆ ಏನಿಲ್ಲ. ಸಾಂಬಾರ್ ಕೂಡ ಇಲ್ಲ. ನಮ್ಮ ಯಜಮಾನರಿಗೆ ಇದನ್ನು ಕೇಳಿ ಮುಖ ಸಪ್ಪಗಾಯಿತು. ಚಟ್ನಿ ಬಾಯಿಗೆ ಬಿದ್ದ ಮೇಲೆ ಸಾಂಬಾರಿನ ಮಾತೇ ಎತ್ತಲಿಲ್ಲ. ಆ ಚಟ್ನಿ ನೀರಾಗಿಯೂ ಇಲ್ಲ, ಗಟ್ಟಿಯಾಗಿಯೂ ಇಲ್ಲ. ಖಾರ ಹದವಾಗಿ, ನಮ್ಮ ಚಿಕ್ಕವಳೂ ತಿನ್ನುವಷ್ಟು. ತಟ್ಟೆ ಹಿಡಿದುಕೊಂಡು ಹೋದರೆ ಮತ್ತೆ ಮತ್ತೆ ಹಾಕುತ್ತಾರೆ, ಮುಖ ಗಂಟಿಕ್ಕುವುದಿಲ್ಲ. ಇಡ್ಲಿ ಮುಟ್ಟಿದರೆ ಬೆರಳು ಸುಡುವಷ್ಟು ಬಿಸಿ. ವಡೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಕೈಗೆ ಎಣ್ಣೆ ಅಂಟುವುದಿಲ್ಲ. ಮಗ ಕೇಸರಿಬಾತ್ ಎರಡನೇ ಸಲ ಕೇಳಿದ. ಮನೆಯಲ್ಲಿ ಅವನು ಸಿಹಿ ಮುಟ್ಟುವುದೇ ಇಲ್ಲ. ನಾವು ನಾಲ್ಕೂ ಜನ ಹೊಟ್ಟೆ ತುಂಬ ತಿಂದು, ಕಾಫಿ ಕುಡಿದರೂ ಬಿಲ್ಲು ಮುನ್ನೂರು ದಾಟಲಿಲ್ಲ.

ಕೂರಲು ಕುರ್ಚಿ ಇಲ್ಲ. ಎಲ್ಲರೂ ಫುಟ್‌ಪಾತಿನಲ್ಲಿ ನಿಂತೇ ತಿನ್ನುವುದು. ಅತ್ತೆ ಮಾವನಂಥ ಹಿರಿಯರು ಜೊತೆಗಿದ್ದರೆ ಬೆಳಿಗ್ಗೆ ಏಳರ ಸುಮಾರಿಗೆ ಹೋಗಿ, ಆಗ ನೂಕುನುಗ್ಗಲು ಕಡಿಮೆ. ಭಾನುವಾರ ರಜೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಬಗ್ಗೆ ಎಲ್ಲರೂ ಹೇಳುತ್ತಾರೆ. 1943ರಿಂದ ಇದೆ, ಮಸಾಲೆ ದೋಸೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶನಿವಾರ, ಭಾನುವಾರ ಹೊರಗೆ ಕಾಯುವ ಜನ ನೋಡಿದರೆ ಹಸಿದ ಮಕ್ಕಳನ್ನು ಕಟ್ಟಿಕೊಂಡು ನಾನಂತೂ ನಿಲ್ಲಲಾರೆ. ಶುಕ್ರವಾರ ಬಾಗಿಲು ತೆಗೆಯುವುದಿಲ್ಲ, ನೆನಪಿರಲಿ.

ಪಾರ್ಕಿಗೆ ಬರೋಣ. ಲಾಲ್‌ಬಾಗ್ 240 ಎಕರೆ. ಚಿಕ್ಕ ಮಕ್ಕಳು ಕಾಲು ಭಾಗ ನೋಡುವಷ್ಟರಲ್ಲಿ ಎತ್ತಿಕೋ ಅನ್ನುತ್ತಾರೆ. ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ಸಮಯವಾದರೆ ಹೂವಿಗಿಂತ ಜನರ ಬೆನ್ನೇ ಜಾಸ್ತಿ ಕಾಣುವುದು. ಕಹಳೆ ಬಂಡೆ ಅಂದರೆ ಬ್ಯೂಗಲ್ ರಾಕ್ ಪಾರ್ಕು ಬರೀ 16 ಎಕರೆ. ಬುಲ್ ಟೆಂಪಲ್ ರಸ್ತೆಯಲ್ಲಿ, ದೊಡ್ಡ ಗಣಪತಿ ಮತ್ತು ದೊಡ್ಡ ಬಸವಣ್ಣನ ಗುಡಿಗೆ ಅಂಟಿಕೊಂಡಂತೆ ಇದೆ. ಒಳಗೆ ಹೋಗಲು ದುಡ್ಡಿಲ್ಲ. ಬೆಂಚಿನ ಮೇಲೆ ಕೂತರೆ ಮಕ್ಕಳು ಕಣ್ಣಳತೆಯಲ್ಲೇ ಇರುತ್ತಾರೆ. ತಾಯಂದಿರಿಗೆ ಇದಕ್ಕಿಂತ ನೆಮ್ಮದಿ ಇನ್ನೇನು ಬೇಕು?

ಮಕ್ಕಳಿಗೆ ಇಲ್ಲಿ ಅತಿ ಹೆಚ್ಚು ಇಷ್ಟವಾಗಿದ್ದು ಜಾರುಬಂಡೆ, ಉಯ್ಯಾಲೆ ಅಲ್ಲ. ಬಂಡೆ! ನೆಲದಿಂದ ಒಮ್ಮೆಗೇ ಎದ್ದು ನಿಂತ ಹೆಬ್ಬಂಡೆ. ಭೂವಿಜ್ಞಾನಿಗಳ ಪ್ರಕಾರ ಇದಕ್ಕೆ ಸುಮಾರು 300 ಕೋಟಿ ವರ್ಷ. "ಡೈನೋಸಾರ್‌ಗಿಂತ ಹಳೇದಾ ಅಮ್ಮಾ?" ಅಂತ ಮಗ ಕೇಳಿದ. ಡೈನೋಸಾರ್‌ಗಳು ಬಂದದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ ಅಂದಾಗ ಅವನು ಬಂಡೆಗೆ ಎರಡೂ ಕೈ ಒತ್ತಿಕೊಂಡು ನಿಂತುಬಿಟ್ಟ. ಮೇಲೆ ಒಂದು ಪುಟ್ಟ ಕಾವಲು ಗೋಪುರವಿದೆ. ಕೆಂಪೇಗೌಡರ ಕಾಲದಲ್ಲಿ ಸಂಜೆ ಹೊತ್ತು ಮುಳುಗುವಾಗ ಕಾವಲಿನವರು ಇಲ್ಲಿ ಕಹಳೆ ಊದುತ್ತಿದ್ದರಂತೆ. ಇದನ್ನು ಮಕ್ಕಳಿಗೆ ಬಂಡೆಯ ಬುಡದಲ್ಲೇ ಹೇಳಿ. ಹತ್ತುವಾಗ ಅವರೇ ಕಹಳೆ ಊದಿಕೊಂಡು ಹೋಗುತ್ತಾರೆ.

ಮಳೆ ಬಂದ ದಿನ ಬಂಡೆ ಹತ್ತಿಸಬೇಡಿ, ಕಾಲು ಜಾರುತ್ತದೆ. ಚಪ್ಪಲಿಗಿಂತ ಶೂ ವಾಸಿ. ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಕಲ್ಲು ಕಾದಿರುತ್ತದೆ, ಅಷ್ಟರೊಳಗೆ ಇಳಿದುಬಿಡಿ.

ಮರಗಳ ಮೇಲೆ ಬಾವಲಿಗಳು ನೇತಾಡುತ್ತಿರುತ್ತವೆ. ನಮ್ಮ ಚಿಕ್ಕವಳು ಹೆದರುತ್ತಾಳೆ ಅಂದುಕೊಂಡಿದ್ದೆ. ಕತ್ತು ಮೇಲೆತ್ತಿ ಎಣಿಸುತ್ತಾ ಕೂತಳು. ಇವು ಹಣ್ಣು ತಿನ್ನುವ ಬಾವಲಿಗಳು, ಯಾರ ತಂಟೆಗೂ ಬರುವುದಿಲ್ಲ. ಗಿಡಮರಗಳ ಬೀಜ ದೂರ ದೂರಕ್ಕೆ ಒಯ್ದು ಬೀಳಿಸುವುದೂ ಇವೇ. ಮಕ್ಕಳು ಕಲ್ಲು ಎಸೆಯದ ಹಾಗೆ ನೋಡಿಕೊಳ್ಳಿ. ಕೆಳಗೆ ಬಿದ್ದ, ಕಚ್ಚಿದ ಹಣ್ಣನ್ನು ಮಾತ್ರ ಮುಟ್ಟಲು ಬಿಡಬೇಡಿ. ನೇರ ಮರದ ಕೆಳಗೆ ಬುತ್ತಿ ಬಿಚ್ಚಲೂ ಬೇಡಿ.

ಪಾರ್ಕಿನಲ್ಲಿ ಡಿ.ವಿ. ಗುಂಡಪ್ಪನವರ ಪ್ರತಿಮೆ ಇದೆ. ಕನ್ನಡ ಸಾಹಿತಿಗಳ ಚಿತ್ರಗಳೂ ಇವೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಹೆಸರು ಓದಿಸಿ. ನಮ್ಮವನು ಪಠ್ಯಪುಸ್ತಕದಲ್ಲಿ ನೋಡಿದ ಮುಖ ಸಿಕ್ಕಾಗಲೆಲ್ಲ ಕೂಗಿ ಕರೆಯುತ್ತಿದ್ದ. ಗುಡಿಗಳಿಗೆ ಬೆಳಿಗ್ಗೆಯೇ ಹೋಗಿಬನ್ನಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಬೆಣ್ಣೆ ಅಲಂಕಾರದ ದಿನ ದೊಡ್ಡ ಗಣಪತಿಯನ್ನು ನೋಡಲು ಸಿಕ್ಕರೆ ನಿಮ್ಮ ಪುಣ್ಯ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ಪರಿಷೆ ನೋಡಬೇಕಾದ್ದೇ. ಆದರೆ ಕೈಕೂಸು ಇದ್ದರೆ ಆ ವಾರ ಬೇಡವೇ ಬೇಡ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜನಜಂಗುಳಿ ಕಂಡರೆ ನನಗೆ ಉಸಿರು ಕಟ್ಟುತ್ತದೆ, ಹಾಗಾಗಿ ನನ್ನ ಮಾತನ್ನು ಅಷ್ಟಕ್ಕೆ ತಗೊಳ್ಳಿ. ಹತ್ತು ವರ್ಷ ದಾಟಿದ ಮಕ್ಕಳಿದ್ದರೆ, ಗದ್ದಲ ನಿಮಗೆ ಇಷ್ಟವಾದರೆ, ಖಂಡಿತ ಹೋಗಿ.

ಮಧ್ಯಾಹ್ನ ಗಾಂಧಿ ಬಜಾರ್ ಸುತ್ತಿ ಊಟ ಮುಗಿಸಿ. ನಾಲ್ಕರ ಮೇಲೆ ಮಕ್ಕಳಿಗೆ ಇನ್ನೂ ಹುರುಪಿದ್ದರೆ ಎಂ.ಎನ್. ಕೃಷ್ಣರಾವ್ ಪಾರ್ಕಿಗೆ ನಡೆದು ಹೋಗಬಹುದು. 1941ರಲ್ಲಿ ಸ್ವಲ್ಪ ಕಾಲ ಮೈಸೂರಿನ ಹಂಗಾಮಿ ದಿವಾನರಾಗಿದ್ದವರ ಹೆಸರು ಅದು. ಪ್ರವಾಸಿಗರು ಇಲ್ಲಿಗೆ ಬರುವುದು ಕಡಿಮೆ. ಸುತ್ತಮುತ್ತಲಿನ ಅಜ್ಜ ಅಜ್ಜಿಯರು, ವಾಕಿಂಗ್‌ನವರು, ಶಾಲೆ ಬಿಟ್ಟು ಬಂದ ಮಕ್ಕಳು. ನಮ್ಮ ಮಕ್ಕಳನ್ನು ಅಲ್ಲಿಯ ಮಕ್ಕಳು ಹೆಸರು ಕೂಡ ಕೇಳದೆ ಆಟಕ್ಕೆ ಸೇರಿಸಿಕೊಂಡರು. ಒಬ್ಬ ಅಜ್ಜಿ ನನ್ನ ಪಕ್ಕ ಕೂತು "ಯಾವೂರಮ್ಮ?" ಅಂದರು. ಹಾಸನ ಅಂದದ್ದೇ ತಡ, ಅವರ ತವರು ಅರಸೀಕೆರೆ ಅಂತ ಗೊತ್ತಾಯಿತು. ಎದ್ದು ಹೋಗಲು ಮನಸ್ಸೇ ಬರಲಿಲ್ಲ.

ಹೊತ್ತಿನ ಬಗ್ಗೆ ಒಂದು ಮಾತು. ನಗರದ ಪಾರ್ಕುಗಳನ್ನು ಮೊದಲು ಮಧ್ಯಾಹ್ನ ಮುಚ್ಚುತ್ತಿದ್ದರು. ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿರಬೇಕು ಅಂತ 2024ರಲ್ಲಿ ಆದೇಶವಾಯಿತು. ಹಾಗಿದ್ದರೂ ಮಕ್ಕಳ ಜೊತೆ ಹೋಗುವವರು ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋಗುವುದು ಒಳ್ಳೆಯದು. ಬಿಸಿಲೂ ತಪ್ಪುತ್ತದೆ. ಕುಡಿಯುವ ನೀರು, ಒಂದು ಜೊತೆ ಬಟ್ಟೆ, ಸೊಳ್ಳೆಗೆ ಹಚ್ಚುವ ಕ್ರೀಮು ಬ್ಯಾಗಿನಲ್ಲಿರಲಿ. ಸಂಜೆ ಸೊಳ್ಳೆ ಜಾಸ್ತಿ.

ಕೃಷ್ಣರಾವ್ ಪಾರ್ಕಿನಿಂದ ಹಿಂದಿರುಗಲು ನ್ಯಾಷನಲ್ ಕಾಲೇಜು ತನಕ ನಡೆಯಬೇಕಿಲ್ಲ, ಸೌತ್ ಎಂಡ್ ಸರ್ಕಲ್ ನಿಲ್ದಾಣ ಹತ್ತಿರ. ಐದೂವರೆಯೊಳಗೆ ರೈಲು ಹತ್ತಿಬಿಡಿ. ಆಮೇಲೆ ಆಫೀಸು ಬಿಟ್ಟವರ ರಶ್ಶು ಶುರುವಾಗುತ್ತದೆ. ಮುಂದಿನ ಬೋಗಿ ಹೆಂಗಸರಿಗೆ ಮೀಸಲು. ಮಲಗಿದ ಮಗುವನ್ನು ಎತ್ತಿಕೊಂಡಿದ್ದರೆ ಅಲ್ಲಿ ಯಾರಾದರೂ ಸೀಟು ಬಿಟ್ಟುಕೊಡುತ್ತಾರೆ.