ಬಲಗಡೆ ಮೇಲಿನ ಬಾಲ್ ಜಾಯಿಂಟ್ ಕೊನೆಗೂ ಬಾಯಿ ಬಿಟ್ಟಿತು

ಮೂರು ವಾರ. ನಾಲ್ಕು ಬಾಲ್ ಜಾಯಿಂಟ್‌ಗೆ, ಅಂದರೆ ಮುಂದಿನ ಚಕ್ರಗಳನ್ನು ಮೇಲಿನ, ಕೆಳಗಿನ ಆರ್ಮ್‌ಗೆ (ತೋಳಿಗೆ) ಜೋಡಿಸುವ ಗುಂಡು-ಬಟ್ಟಲಿನ ಕೀಲುಗಳಿಗೆ, ಗ್ರೀಸ್ ಹೊಡೆಯಲು ನನಗೆ ಹಿಡಿದದ್ದು ಪೂರ್ತಿ ಮೂರು ವಾರ. ಹಂಪಿನಲ್ಲಿ ಗಾಡಿ ಕಿರ್ರ್ ಅನ್ನುತ್ತಿದ್ದದ್ದು ಇವುಗಳಿಂದಲೇ ಅಂದುಕೊಂಡಿದ್ದೆ. ಅದರಲ್ಲಿ ಮೂರು ಜಾಯಿಂಟ್ ಮೊದಲ ಭಾನುವಾರ ಊಟಕ್ಕೆ ಮುಂಚೆಯೇ ಮುಗಿದಿದ್ದವು, ಅವುಗಳ ಕತೆ ಬಿಡಿ. ಬಲಗಡೆ ಮೇಲಿನದು ಮಾತ್ರ ಔಷಧಿ ಬೇಡ ಅನ್ನೋ ಮಗುವಿನ ಹಾಗೆ ಹಲ್ಲು ಕಚ್ಚಿಕೊಂಡು ಕೂತಿತ್ತು.

ಗಾಡಿ ನನ್ನ 1966ರ ಫೋರ್ಡ್ ಮಸ್ಟಾಂಗ್ ಹಾರ್ಡ್‌ಟಾಪ್, 289 ಘನ ಇಂಚಿನ ಎಂಜಿನ್. ಚಾಸಿ ನಂಬರಿನಲ್ಲಿ ಎಫ್ ಅಕ್ಷರ ಇದೆ, ಅಂದರೆ ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಮಿಶಿಗನ್‌ನ ನಮ್ಮ ಮನೆಯಿಂದ ಅದು ಅರ್ಧ ಗಂಟೆ ದಾರಿ. "ಇಷ್ಟು ವರ್ಷದಲ್ಲಿ ಇಷ್ಟೇ ದೂರ ಬಂದಿದೆ ನೋಡ್ರೀ" ಅಂತ ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಈ ಫೋರ್ಡ್‌ಗಳಿಗೆ ಕಾರ್ಖಾನೆಯಿಂದ ನಿಪ್ಪಲ್ (ಗ್ರೀಸ್ ಗನ್ನಿನ ಬಾಯಿ ಕಚ್ಚುವ ಪುಟ್ಟ ಮೂತಿ) ಬರುತ್ತಿರಲಿಲ್ಲ, ತೂತು ಮುಚ್ಚುವ ಬರೀ ಪ್ಲಗ್. 36,000 ಮೈಲಿಗೊಮ್ಮೆ ಪ್ಲಗ್ ಬಿಚ್ಚಿ ಗ್ರೀಸ್ ಹಾಕಿದರೆ ಸಾಕು ಅನ್ನೋದು ಕಂಪನಿಯ ಲೆಕ್ಕ. ನನ್ನ ಗಾಡಿಯ ಹಿಂದಿನ ಓನರ್‌ಗಳು ಅದನ್ನು "ಗ್ರೀಸೇ ಬೇಡ" ಅಂತ ಓದಿಕೊಂಡಿರಬೇಕು. ಪ್ಲಗ್ ತೆಗೆದು ಒಳಗೆ ಟಾರ್ಚ್ ಬಿಟ್ಟೆ. ಗ್ರೀಸ್ ಎಲ್ಲಿ ಬಂತು, ಉರಿದು ಉಳಿದ ಮೇಣದಬತ್ತಿಯಂಥ ಕಂದು ಗಟ್ಟಿ ಇತ್ತು ಅಷ್ಟೇ. ಎಡಗಡೆಯದನ್ನು ಯಾರೋ ಪುಣ್ಯಾತ್ಮರು ಬದಲಿಸಿದ್ದರು, ಮೂರು ರಿವೆಟ್ ಇರಬೇಕಾದ ಕಡೆ ಮೂರು ಬೋಲ್ಟ್ ಇವೆ. ಬಲಗಡೆ ಇನ್ನೂ ರಿವೆಟ್ಟೇ, ಹುಟ್ಟಿದಾಗಿನದೇ.

ಮೊದಲು ನಿಪ್ಪಲ್ ಪುರಾಣ. ಬೇಕಾದದ್ದು ಕಾಲಿಂಚು ದಪ್ಪದ, ಇಂಚಿಗೆ 28 ಥ್ರೆಡ್ಡಿನದು. ಆನ್‌ಲೈನಿನಲ್ಲಿ ಪಾರ್ಟ್ಸ್ ಮಾರುವ ಒಬ್ಬ ಮಹಾಶಯನಿಂದ ಹತ್ತು ತರಿಸಿದೆ. ಚೀಟಿ ಮೇಲೆ ಎಲ್ಲಾ ಸರಿ ಬರೆದಿತ್ತು. ತಿರುಗಿಸಿದರೆ ಎರಡು ಸುತ್ತು ಬೆಣ್ಣೆ ಹಾಗೆ ಹೋಯಿತು, ಆಮೇಲೆ ಲೊಡಲೊಡ. ಥ್ರೆಡ್ ಸವೆದಿದೆ ಅಂದುಕೊಂಡು ಪಂಪ್ ಹೊಡೆದೆ ನೋಡಿ, ನಿಪ್ಪಲ್ ಟಣ್ ಅಂತ ಹಾರಿ ಫೆಂಡರ್‌ಗೆ ಬಡಿಯಿತು. ಅಳೆಯುವ ಕ್ಯಾಲಿಪರ್ ಇಟ್ಟರೆ 6.3 ಇರಬೇಕಾದದ್ದು 5.9 ಮಿಲಿಮೀಟರ್. ಎಂ6, ಅಂದರೆ ಮೆಟ್ರಿಕ್ ಅಳತೆಯದು! ದೂರು ಕೊಟ್ಟೆ. ಫೋಟೊ ಕಳಿಸಿ ಅಂದರು, ಕಳಿಸಿದೆ. ಕ್ಯಾಲಿಪರ್ ಸಮೇತ ಕಳಿಸಿ ಅಂದರು, ಅದನ್ನೂ ಕಳಿಸಿದೆ. ಈಗ ಆ ಕ್ಯಾಲಿಪರ್ ಸರಿಯಿದೆಯಾ ಅಂತ ಕೇಳುತ್ತಿದ್ದಾರೆ.

ಸರಿಯಾದ ನಿಪ್ಪಲ್ ಕೊನೆಗೆ ಟ್ರಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಹಾಕಿದೆ, ಪಂಪ್ ಹೊಡೆದೆ. ಗ್ರೀಸ್ ನಿಪ್ಪಲ್ಲಿನ ಸುತ್ತ ಹೊರಗೆ ಬಂತು, ಒಳಗೆ ಒಂದು ಚೂರೂ ಇಲ್ಲ. ಗ್ರೀಸ್ ಗನ್ನಿನ ಬಾಯಿ ಸರಿ ಹಿಡಿಯುತ್ತಿಲ್ಲ ಅಂತ ಲಿವರ್ ಒತ್ತಿ ಲಾಕ್ ಮಾಡುವ ಬಾಯಿ ತಂದೆ. ಸೋರುವುದು ನಿಂತಿತು, ಈಗ ಹ್ಯಾಂಡಲ್ಲೇ ಕಲ್ಲಾಯಿತು. ಮಾರ್ಚ್ ಚಳಿಗೆ ಗ್ರೀಸ್ ಗಟ್ಟಿಯಾಗಿದೆ ಅಂತ ಕಾರ್ಟ್ರಿಡ್ಜ್ ತಂದು ಮನೆಯೊಳಗಿನ ಹೀಟರ್ ಪಕ್ಕ ಇಟ್ಟೆ (ಬೈಸಿಕೊಂಡೆ). ಜಾಯಿಂಟ್ ಮುಚ್ಚುವ ರಬ್ಬರ್ ಬೂಟು ಸುಡದ ಹಾಗೆ ಹೀಟ್ ಗನ್ ಹಿಡಿದೆ. ತೆಳು ಎಣ್ಣೆ ತುಂಬಿ ಸುತ್ತಿಗೆಯಲ್ಲಿ ಹೊಡೆಯುವ ಒಂದು ಉಪಕರಣ ಬರುತ್ತದಲ್ಲ, ಅದನ್ನೂ ತಂದು ಹೊಡೆದೆ. ಎಣ್ಣೆ ಮುಖಕ್ಕೆ ಬಂತು. ಎರಡು ವಾರ ಹೀಗೇ ಹೋಯಿತು. ರಿವೆಟ್ ಕೊರೆದು ಜಾಯಿಂಟನ್ನೇ ಎಸೆಯೋಣ ಅಂತ ಡ್ರಿಲ್ ಬಿಟ್ ಕೂಡ ಹುಡುಕಿಟ್ಟೆ.

ನಿನ್ನೆ ರಾತ್ರಿ ಸುಮ್ನೆ ಸ್ಟೂಲ್ ಮೇಲೆ ಕೂತು ಕಾಫಿ ಕುಡಿಯುತ್ತಾ ಆ ದರಿದ್ರ ಚಕ್ರದ ಗೂಡನ್ನೇ ನೋಡುತ್ತಿದ್ದೆ. ಸ್ಪ್ರಿಂಗ್ ಕಣ್ಣಿಗೆ ಬಿತ್ತು. ಮೇಲಿನ ಆರ್ಮ್ ಮೇಲೆ ಕೂತಿದೆ. ಜಾಕ್ ಎಲ್ಲಿದೆ? ಕೆಳಗಿನ ಆರ್ಮ್ ಕೆಳಗೆ.

ಬೈಯಿರಿ. ಇದಕ್ಕೆ ಮುಂಚೆ ನನ್ನ ಹತ್ತಿರ ಇದ್ದದ್ದು 1968ರ ಷೆವ್ರೊಲೆ ಷೆವೆಲ್. ಅದರಲ್ಲಿ ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ, ಭಾರ ಹೊರುವುದು ಕೆಳಗಿನ ಜಾಯಿಂಟ್. ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟರೆ ಜಾಯಿಂಟ್ ಸಡಿಲ ಆಗುತ್ತದೆ. ಕೈಗೆ ಅದೇ ಅಭ್ಯಾಸ. ಮಸ್ಟಾಂಗ್‌ನಲ್ಲಿ ಹಾಗೆ ಮಾಡಿದರೆ ಪೂರ್ತಿ ಸ್ಪ್ರಿಂಗಿನ ಭಾರ ಮೇಲಿನ ಜಾಯಿಂಟ್ ಮೂಲಕವೇ ಇಳಿಯುತ್ತದೆ, ಒಳಗಿನ ಗುಂಡು ಬಟ್ಟಲಿಗೆ ಕಚ್ಚಿಕೊಂಡಿರುತ್ತದೆ, ಗ್ರೀಸ್ ಹೋಗೋದಾದರೂ ಎಲ್ಲಿಗೆ? ಎಡಗಡೆಯದು ಹೊಸ ಜಾಯಿಂಟ್ ಆದ್ದರಿಂದ ಹೇಗೋ ಕುಡಿದಿತ್ತು, ಅದೇ ನನ್ನನ್ನು ದಾರಿ ತಪ್ಪಿಸಿದ್ದು. ದಾವಣಗೆರೆಯಲ್ಲಿ ನಮ್ಮ ಮಾವನ ಗ್ಯಾರೇಜಿನಲ್ಲಿ ಹುಡುಗರು ಲಾರಿಯ ಮುಂದಿನ ಆಕ್ಸಲ್ ಎತ್ತಿಯೇ ಕಿಂಗ್ ಪಿನ್‌ಗೆ (ಚಕ್ರ ಆಚೆ ಈಚೆ ತಿರುಗುವ ಗೂಟಕ್ಕೆ) ಗ್ರೀಸ್ ಹೊಡೆಯುತ್ತಿದ್ದರು. ಟೈರ್ ನೋಡೋಕೆ ಎತ್ತುತ್ತಾರೆ ಅಂದುಕೊಂಡಿದ್ದೆ ನಾನು, ಭಾರ ಇಳಿಸೋಕೆ ಅಂತ ಈಗ ಹೊಳೆಯಿತು.

ಗಾಡಿ ಇಳಿಸಿದೆ. ಚಕ್ರ ನೆಲದ ಮೇಲಿರುವಾಗಲೇ ಮೇಲಿನ ಆರ್ಮ್‌ಗೂ ಫ್ರೇಮ್‌ಗೂ ನಡುವೆ ಗಟ್ಟಿ ಮರದ ತುಂಡು ತುರುಕಿದೆ. ಆಮೇಲೆ ಫ್ರೇಮ್‌ಗೆ ಜಾಕ್ ಕೊಟ್ಟು ಎತ್ತಿ ಸ್ಟ್ಯಾಂಡ್ ಇಟ್ಟೆ. ಸ್ಪ್ರಿಂಗ್ ಮರದ ಮೇಲೆ ಕೂತಿತು, ಚಕ್ರ ಸುಮ್ಮನೆ ನೇತಾಡಿತು. ಪಂಪ್ ಒಂದು, ಎರಡು, ಏನೂ ಇಲ್ಲ. ಸ್ಟೀರಿಂಗ್ ಆಚೆ ಈಚೆ ತಿರುಗಿಸಿ ಮೂರನೆಯದು ಹೊಡೆದೆ, ಪಿಸ್ ಅಂತ ಸದ್ದು, ಹ್ಯಾಂಡಲ್ ಮೆತ್ತಗಾಯಿತು. ಬೂಟಿನ ಅಂಚಿನಿಂದ ಹಳೇ ಕಂದು ಕೆಸರು ಹುಳದ ಹಾಗೆ ಹೊರಗೆ ಬಂತು, ಹಿಂದೆಯೇ ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸ್. ಬೂಟು ಸ್ವಲ್ಪ ಉಬ್ಬಿದ ಕೂಡಲೇ ನಿಲ್ಲಿಸಿದೆ. ಖುಷಿಯಲ್ಲಿ ಇನ್ನೆರಡು ಹೊಡೆದು ಬೂಟು ಒಡೆದವರು ನಮ್ಮಲ್ಲಿ ಜಾಸ್ತಿ ಇದ್ದಾರೆ, ಅಲ್ವಾ?

ಕಿಂಗ್ ಪಿನ್ ಅಂದ ಕೂಡಲೇ ನೆನಪಾಯಿತು. 1953ರ ಷೆವ್ರೊಲೆ 3100 ಪಿಕಪ್ ಒಂದು ಕಣ್ಣಿಗೆ ಬಿದ್ದಿದೆ. 216 ಎಂಜಿನ್, ಮುಂದೆ ಗಟ್ಟಿ ಆಕ್ಸಲ್, ಪಟ್ಟಾ ಸ್ಪ್ರಿಂಗ್, ಥೇಟ್ ಪುಟ್ಟ ಲಾರಿ. ಬಾಲ್ ಜಾಯಿಂಟ್ ಅನ್ನೋ ತಲೆನೋವೇ ಇಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಇವತ್ತು ಬೆಳಿಗ್ಗೆ ಓಡಿಸಿ ನೋಡಿದೆ. ಸ್ಟೀರಿಂಗ್ ಹಗುರ ಆಗಿದೆ, ನಿಜ. ಆದರೆ ನಮ್ಮ ಬೀದಿಯ ಮೊದಲ ಹಂಪಿನಲ್ಲೇ ಅದೇ ಹಳೇ ಕಿರ್ರ್! ಹಾಸಿಗೆ ಸ್ಪ್ರಿಂಗಿನ ಸದ್ದು. ಅಂದರೆ ಕಿರುಗುಟ್ಟುತ್ತಿದ್ದದ್ದು ಜಾಯಿಂಟ್ ಅಲ್ಲ, ಮೇಲಿನ ಆರ್ಮಿನ ಒಳಗಡೆ ತುದಿ ತಿರುಗುವ ಶಾಫ್ಟಿನ ಬುಶ್. ಅದಕ್ಕೂ ಪ್ಲಗ್ಗೇ, ಅದೂ ಸ್ಪ್ರಿಂಗ್ ಟವರ್‌ಗೆ ಅಂಟಿಕೊಂಡ ಹಾಗೆ. ನೆಟ್ಟನೆ ನಿಪ್ಪಲ್ ಹಾಕಿದರೆ ಗನ್ನಿನ ಬಾಯಿಗೆ ಜಾಗ ಇಲ್ಲ, 90 ಡಿಗ್ರಿ ಬಾಗಿದ್ದೇ ಬೇಕು. ಟ್ರಾಕ್ಟರ್ ಅಂಗಡಿಯಲ್ಲಿ ಸ್ಟಾಕ್ ಇಲ್ಲ. ಬೇರೆ ದಾರಿ ಇಲ್ಲದೆ ಅದೇ ಎಂ6 ಮಹಾಶಯನಿಗೆ ಆರ್ಡರ್ ಕೊಟ್ಟಿದ್ದೇನೆ. ಗುರುವಾರ ಬರುತ್ತದಂತೆ.