ಮೊಬೈಲ್ ಇದ್ಯಲ್ಲ, ಮತ್ತೆ ಕಂಪ್ಯೂಟರ್ ಯಾಕೆ?

ಭಾನುವಾರ ಮಧ್ಯಾಹ್ನ ಮೈಸೂರು ರಸ್ತೆ ಕಡೆಯ ಒಂದು ಸಣ್ಣ ಹಾಲ್‌ನಲ್ಲಿ ಗಾರ್ಮೆಂಟ್ಸ್ ಹೆಂಗಸರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ. ನಾಲ್ಕು ಹಳೇ ಕಂಪ್ಯೂಟರ್, ಹತ್ತು ಹನ್ನೆರಡು ಜನ. ವಿಷಯ ಗೊತ್ತಾದವರೆಲ್ಲ ಕೇಳುವುದು ಒಂದೇ: "ಎಲ್ಲರ ಕೈಯಲ್ಲೂ ಮೊಬೈಲ್ ಇದ್ಯಲ್ಲ, ಈ ವಯಸ್ಸಲ್ಲಿ ಅವರಿಗೆ ಕಂಪ್ಯೂಟರ್ ಯಾಕೆ?"

ಪಿಎಫ್‌ಗೆ ಕಣ್ರೀ.

2016ರ ಏಪ್ರಿಲ್ ನೆನಪಿದೆಯಾ? ಪಿಎಫ್ ಹಣ ತೆಗೆಯುವ ನಿಯಮ ಬಿಗಿ ಮಾಡಲು ಹೊರಟಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ಬೀದಿಗಿಳಿದಿದ್ದರು. ಕೇಂದ್ರ ಸರ್ಕಾರ ಆ ನಿಯಮ ಕೈಬಿಟ್ಟಿತು. ಇವರಿಗೆ ಆ ದುಡ್ಡು ಅಂದರೆ ಮಗಳ ಮದುವೆ, ಮನೆ ಭೋಗ್ಯ, ಆಸ್ಪತ್ರೆ ಖರ್ಚು. ಬೀದಿಗಿಳಿದು ಉಳಿಸಿಕೊಂಡ ದುಡ್ಡು ಎಷ್ಟಾಗಿದೆ ಅಂತ ನೋಡೋಕೆ ಮಾತ್ರ ಇವರು ಸೈಬರ್ ಅಂಗಡಿಗೆ ಹೋಗುತ್ತಾರೆ. ಪಾಸ್‌ವರ್ಡ್ ಇಡುವವನು ಅಲ್ಲಿನ ಹುಡುಗ, ಓಟಿಪಿ ಕೇಳುವವನೂ ಅವನೇ. ಅವನು ಒಳ್ಳೆಯವನೇ ಇರಬಹುದು. ಆದರೂ ನಾವು ನೀವು ಹಾಗೆ ಕೊಡ್ತೀವಾ?

ಮೊದಲ ಕಷ್ಟ ಮೌಸ್. ಮೇಜಿನ ಅಂಚಿಗೆ ಬಂದ ಕೂಡಲೇ "ಮೇಡಂ, ಜಾಗ ಮುಗೀತು" ಅನ್ನುತ್ತಾರೆ. ಎತ್ತಿ ಈಚೆಗಿಡಿ ಅಂತ ಎಷ್ಟು ಹೇಳಿದರೂ ಒಬ್ಬರಿಗೆ ಹಿಡಿಯಲಿಲ್ಲ. ಪಕ್ಕದಲ್ಲಿದ್ದ ಟೈಲರ್ ಹೇಳಿದರು: "ಮೂಲೆ ಬಂದಾಗ ಮೆಷಿನ್ ಫುಟ್ ಎತ್ತಿ ಬಟ್ಟೆ ತಿರುಗಿಸಲ್ವೇನೇ? ಹಂಗೇ ಎತ್ತು." ಮುಗಿಯಿತು. ನನ್ನ ಅರ್ಧ ಗಂಟೆ ಪಾಠ ದಂಡ.

ಇನ್ನೊಬ್ಬರು ಚೆಕಿಂಗ್ ಸೆಕ್ಷನ್‌ನವರು. ಅವರ ಪಿಎಫ್ ಅರ್ಜಿ ಮೂರು ಸಲ ವಾಪಸ್ ಬಂದಿತ್ತು. ಮೂರು ಸಲವೂ ಸೈಬರ್‌ನವನಿಗೆ ದುಡ್ಡು ಕೊಟ್ಟಿದ್ದರು. ನಾನು ಆಧಾರ್ ಮತ್ತು ಪಿಎಫ್ ಪುಟ ಎರಡನ್ನೂ ಪರದೆ ಮೇಲೆ ಅಕ್ಕಪಕ್ಕ ಇಡಿಸಿದೆ. (ಅಂಗೈಯಗಲದ ಫೋನ್‌ನಲ್ಲಿ ಇದನ್ನು ಮಾಡಿ ನೋಡಿ.) ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿಕೊಂಡು ಹೋದರು. ಅವರ ಹೆಸರಲ್ಲಿ ಒಂದು 'ಕ್ಷ' ಇದೆ. ಆಧಾರ್‌ನಲ್ಲಿ ಅದು ಕೆ-ಎಸ್-ಎಚ್, ಪಿಎಫ್‌ನಲ್ಲಿ ಎಕ್ಸ್.

"ಇಷ್ಟೇನಾ ಮೇಡಂ?"

"ಇಷ್ಟೇ ಅಕ್ಕ."

"ಚೆಕಿಂಗ್‌ನಲ್ಲಿ ಇಂಥದ್ದು ಬಿಟ್ಟಿದ್ರೆ ಸೂಪರ್‌ವೈಸರ್ ನನ್ನ ಸುಮ್ನೆ ಬಿಡ್ತಿದ್ನಾ!"

ಅವರ ತಿದ್ದುಪಡಿಗೆ ಕಂಪನಿಯೂ ಒಪ್ಪಬೇಕು. ಅರ್ಜಿ ಇನ್ನೂ ಅಲ್ಲೇ ಕೂತಿದೆ. ಹಾಗಾಗಿ ಕಂಪ್ಯೂಟರ್ ಕಲಿತ ಕೂಡಲೇ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಆದರೆ ಆ ಅಕ್ಕ ಈಗ ಪ್ರತಿ ಭಾನುವಾರ ಬಂದವರೇ ಮೊದಲು ಅದನ್ನು ತೆಗೆದು ನೋಡುತ್ತಾರೆ. ಪಾಸ್‌ವರ್ಡ್ ಹಾಕುವಾಗ ನನಗೂ ಅನ್ನುತ್ತಾರೆ: "ಮೇಡಂ, ಸ್ವಲ್ಪ ಆ ಕಡೆ ತಿರುಗಿ."