ಹಳೆ ಮಿಲಿಟರಿ ಬಟನಿಗೆ ಹುಣಸೆಹುಳಿ ಹಚ್ಚಬಹುದೇ?

ಮಂಗಳೂರು, ಉಡುಪಿ ಕಡೆ ಹಳೆ ಪೆಟ್ಟಿಗೆಯಲ್ಲೋ ಗುಜರಿ ಅಂಗಡಿಯಲ್ಲೋ ಸಮವಸ್ತ್ರದ ಬಟನ್ ಸಿಕ್ಕವರೆಲ್ಲ ಕೇಳುವುದು ಒಂದೇ: “ಹಸಿರುಗಟ್ಟಿದೆ, ಹುಣಸೆಹುಳಿ ಹಾಕಿ ತಿಕ್ಕಬಹುದಾ? ಇಲ್ಲಾ ಬ್ರಾಸೋ ಪಾಲಿಶಾ?”

ಎರಡೂ ಬೇಡ. ಬಟನಿನ ಹಿತ್ತಾಳೆಯಲ್ಲಿರುವ ಸತುವನ್ನು ಹುಳಿ ಮೊದಲು ತಿನ್ನುತ್ತದೆ, ಉಳಿದ ತಾಮ್ರದಿಂದ ಬಟನ್ ಕೆಂಪಾಗುತ್ತದೆ. ಬ್ರಾಸೋದಲ್ಲಿ ನಯವಾದ ತಿಕ್ಕುಪುಡಿ ಇದೆ. ಅಧಿಕಾರಿಗಳ ಬಟನ್‌ಗಳಿಗೆ ಹೆಚ್ಚಾಗಿ ಚಿನ್ನದ ತೆಳು ಲೇಪ ಇರುತ್ತಿತ್ತು. ತಿಕ್ಕಿದರೆ ಅದು ಬಟ್ಟೆಗೆ ಹೋಯಿತು ಅಂತಲೇ ಲೆಕ್ಕ. ಸಿಪಾಯಿಗಳು ಉಜ್ಜಿ ಉಜ್ಜಿ ಸವೆಸಿದ ಬಟನ್ ಹಾಗೇ ಇರಲಿ, ಆ ಸವೆತವೂ ಅದರ ಚರಿತ್ರೆಯೇ.

ನೀರು ಮುಟ್ಟಿಸುವ ಮೊದಲು 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಬಟನಿನ ಮೇಲಿನ ಬ್ರಿಟಿಷ್ ಕಿರೀಟದ ಕಮಾನು ಗುಮ್ಮಟದ ಹಾಗೆ ಉಬ್ಬಿದ್ದರೆ ಸಾಮಾನ್ಯವಾಗಿ 1901–1952ರ ನಡುವಿನದು. ನಡುವೆ ತಗ್ಗಿದ್ದರೆ ವಿಕ್ಟೋರಿಯಾ ಕಾಲದ್ದೋ, 1953ರ ನಂತರ ಎರಡನೇ ಎಲಿಜಬೆತ್ ಕಾಲದ ಬ್ರಿಟನ್ನಿನದೋ. ಅಶೋಕ ಸಿಂಹ ಇದ್ದರೆ ಗಣರಾಜ್ಯದ ಭಾರತದ್ದು. ಬೆನ್ನಲ್ಲಿ ಹೆಚ್ಚಾಗಿ ಫರ್ಮಿನ್, ಗಾಂಟ್ ಮುಂತಾದ ತಯಾರಕರ ಹೆಸರು ಅಚ್ಚೊತ್ತಿರುತ್ತದೆ. ತೀರಾ ಹಗುರ, ಬಂಗಾರದ ಹೊಳಪು ಇದ್ದರೆ ಅದು 1950ರ ದಶಕದಿಂದೀಚೆಗೆ ಬಂದ ಬಣ್ಣಗಟ್ಟಿಸಿದ ಅಲ್ಯುಮಿನಿಯಂ. ಅದಕ್ಕೂ ಪಾಲಿಶ್ ಕೂಡದು.

ಮುಂದೊಂದು, ಹಿಂದೊಂದು ತಗಡು ಸೇರಿಸಿ ಅಂಚು ಮಡಚಿದ ಬಟನನ್ನು ನೀರಲ್ಲಿ ಮುಳುಗಿಸಬಾರದು. ಒಳಗೆ ಟೊಳ್ಳಿದೆ, ಹೊಕ್ಕ ನೀರು ಹೊರಬರದೆ ಅಲ್ಲೇ ಕೊರೆಯುತ್ತದೆ. ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಿದರೆ ಸಾಕು. ಬಾವಿ ನೀರು ಬೇಡ. ಕಡಲ ಹತ್ತಿರ ಅದರಲ್ಲಿ ಉಪ್ಪು ಇರಬಹುದು. ದಪ್ಪ ಹಸಿರಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟು, ಎರಡು ದಿನ ಕಳೆದು ಬಿದಿರು ಕಡ್ಡಿಯಿಂದ ಎಬ್ಬಿಸಿ. ಸೂಜಿ ಬೇಡ. ತೆಂಗಿನೆಣ್ಣೆಯಂತೂ ಬೇಡವೇ ಬೇಡ, ಅದರ ಆಮ್ಲ ತಾಮ್ರದ ಜೊತೆ ಸೇರಿ ಹೊಸ ಹಸಿರನ್ನೇ ಹುಟ್ಟಿಸುತ್ತದೆ. ಕೊನೆಗೆ ಸ್ಪಿರಿಟ್‌ನಿಂದ ಒರೆಸಿ, ಕೊಂಡಿಯ ಬುಡದವರೆಗೂ ಒಣಗಿಸಿ.

ನಮ್ಮಲ್ಲಿ ಬಟನ್ ಹಾಳಾಗುವುದು ಹೆಚ್ಚಾಗಿ ಇಟ್ಟಲ್ಲೇ. ಪಿವಿಸಿ ಪ್ಲಾಸ್ಟಿಕ್ ಕವರ್ ಆಮ್ಲ ಬಿಡುತ್ತದೆ, ರಬ್ಬರ್ ಬ್ಯಾಂಡಿನ ಗಂಧಕ ಕಪ್ಪು ಮಾಡುತ್ತದೆ. ಅಡಿಯಲ್ಲಿ ತ್ರಿಕೋನದೊಳಗೆ 5 ಎಂದು ಬರೆದ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್), ಬಿಗಿ ಮುಚ್ಚಳದ ಡಬ್ಬ ಒಳ್ಳೆಯದು. ಜೊತೆಗೆ ತೇವ ಹೀರಿ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಕಾಯಿಸಿ ಮತ್ತೆ ಬಳಸಿ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮಳೆ ಬಿಟ್ಟ ದಿನ ತೆರೆದು ನೋಡಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಉಪ್ಪಿನಲ್ಲಿರುವ ಕ್ಲೋರೈಡಿನ ಕೆಲಸ, ಎಣ್ಣೆಗೆ ಬಗ್ಗುವುದಿಲ್ಲ. ಒಂದೇ ತುಂಡಿನ ಗಟ್ಟಿ ಬಟನ್ ಆದರೆ ದಿನಾ ಡಿಸ್ಟಿಲ್ಡ್ ನೀರು ಬದಲಿಸುತ್ತ ವಾರಗಟ್ಟಲೆ ನೆನೆಸಬಹುದು. ಟೊಳ್ಳು ಬಟನಿಗೆ ಆ ದಾರಿಯೂ ಇಲ್ಲ, ಒಣಗಿಸಿ ಇಡುವುದೊಂದೇ.